ಎರಡು ದಿನದ ಪಥ್ಯಕ್ಕೆ ಎಚ್‌ಬಿಎ1ಸಿ ಇಳಿಯುವುದಿಲ್ಲ

“ರಕ್ತ ಪರೀಕ್ಷೆಗೆ ಎರಡು ದಿನ ಮುಂಚೆ ಬರೀ ಜೋಳದ ರೊಟ್ಟಿ, ಪಲ್ಯ ತಿನ್ನಿ, ಎಚ್‌ಬಿಎ1ಸಿ ನಾರ್ಮಲ್ ಬರುತ್ತದೆ. ಹೊಟ್ಟೆ ಸ್ಕ್ಯಾನಿಂಗ್ ಸರಿಯಿದ್ದರೆ ಲಿವರ್ ಚಿಂತೆಯೂ ಬೇಡ.” ವಿಜಯಪುರದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಈ ಎರಡೂ ಮಾತು ತಪ್ಪು.

ಎಚ್‌ಬಿಎ1ಸಿ ಅಂದರೆ ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯ ಲೆಕ್ಕ. ಆ ಕಣ ಸುಮಾರು 120 ದಿನ ಬದುಕುತ್ತದೆ. ಹಾಗಾಗಿ ಸಿಗುವುದು ಎರಡು-ಮೂರು ತಿಂಗಳ ಸರಾಸರಿ. ದೀಪಾವಳಿಗೆ ತಿಂದ ಕರ್ಚಿಕಾಯಿಯ ಲೆಕ್ಕ ಎಳ್ಳಮವಾಸ್ಯೆಗೂ ಅದರಲ್ಲಿ ಇರುತ್ತದೆ! ಶೇ 5.7ರಿಂದ 6.4 ಇದ್ದರೆ ಸಕ್ಕರೆ ಕಾಯಿಲೆಯ ಅಂಚು, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಎಂದೇ ಲೆಕ್ಕ. ರಕ್ತಹೀನತೆ ಇದ್ದವರಿಗೆ ಈ ಅಂಕಿ ಏರುಪೇರಾಗಬಹುದು, ಡಾಕ್ಟರಿಗೆ ಮೊದಲೇ ಹೇಳಿ.

ಇನ್ನು ಸ್ಕ್ಯಾನಿಂಗ್. ಲಿವರ್‌ನಲ್ಲಿ ಕೊಬ್ಬು ಸ್ವಲ್ಪವೇ ಇದ್ದರೆ ಅಲ್ಟ್ರಾಸೌಂಡ್‌ಗೆ ಎಷ್ಟೋ ಸಲ ಕಾಣುವುದೇ ಇಲ್ಲ. ಲಿವರ್‌ಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ರಕ್ತದಲ್ಲಿ ನೋಡುವ ಎಸ್‌ಜಿಪಿಟಿ ನಾರ್ಮಲ್ ಇದ್ದೂ ಫ್ಯಾಟಿ ಲಿವರ್ ಇರಬಹುದು. ಲಿವರ್ ಗಡಸಾಗಿದೆಯೇ ಎಂದು ನೋಡಲು ಫೈಬ್ರೋಸ್ಕ್ಯಾನ್ ಬೇರೆಯೇ ಇದೆ.

ರೊಟ್ಟಿ ಬೇಡ ಅಂತಲ್ಲ, ವರ್ಷವಿಡೀ ತಿನ್ನಿ. ಪರೀಕ್ಷೆಗೆ ಅಂತ ಸುಮ್ನೆ ಎರಡು ದಿನ ನಾಟಕ ಮಾಡಿದರೆ ಮೋಸ ಹೋಗುವವರು ನಾವೇ ಅಲ್ವಾ?