ಬೆನ್ನಿಗೆ ಬಿದ್ದ ಚಳಿ

ಹ್ಯಾಮಕ್‌ನಲ್ಲಿ, ಅಂದರೆ ಮರಕ್ಕೆ ಕಟ್ಟುವ ಬಟ್ಟೆಯ ಜೋಲಿಯಲ್ಲಿ, ಮಲಗಿದವರಿಗೆ ಚಳಿ ಮೇಲಿನಿಂದ ಬರುವುದಿಲ್ಲ, ಕೆಳಗಿನಿಂದ ಬರುತ್ತದೆ. ಇಷ್ಟೇ ಇಷ್ಟು ಮಾತನ್ನು ಬೆಳಗಾವಿಯ ಒಂದು ತುಂಬಿದ ಮನೆಯಲ್ಲಿ ಒಪ್ಪಿಸಿ ನೋಡಿ. "ಹೊದಿಕಿ ಅಂದ್ರ ಮ್ಯಾಲೆ ಹೊದಿಯೂದು. ಬೆನ್ನಿನ ಕೆಳಗ ಯಾರರ ಹೊದೀತಾರೇನು?" ಅಂತ ಅವ್ವ ಕೇಸು ಅಲ್ಲಿಗೇ ಮುಗಿಸಿಬಿಟ್ಟಳು.

ವಿಷಯ ಏನಂದರೆ, ನಾವು ಕೆಲವು ಗೆಳೆಯರಿಗೆ ಈ ಚಳಿಗಾಲದಲ್ಲಿ ಬೆಳಗಾವಿಯಿಂದ ಗೋಕರ್ಣಕ್ಕೆ ನಡೆದು ಹೋಗುವ ಹುಚ್ಚು ಹತ್ತಿದೆ. ಖಾನಾಪುರ, ದಾಂಡೇಲಿ, ಯಲ್ಲಾಪುರ, ಅಂಕೋಲಾ ಅಂತ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್. ರಾತ್ರಿ ಲಾಡ್ಜ್ ಇಲ್ಲ. ಪರಿಚಯದವರ ತೋಟದಲ್ಲಿ ಎರಡು ಗಟ್ಟಿ ಮರ ನೋಡಿ ಹ್ಯಾಮಕ್ ಕಟ್ಟುವುದು. ಕಾಡಿನೊಳಗೆ ಕಟ್ಟಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ತೋಟದ ಮಾಲೀಕರ ಅನುಮತಿ ಸಲೀಸು, ಜೊತೆಗೆ ಊಟವೂ ಬರುತ್ತದೆ. ಘಟ್ಟದ ಕಡೆ ನೆಲವನ್ನು ನಂಬುವ ಹಾಗಿಲ್ಲ. ಇಳಿಜಾರು, ಬೇರು, ಕಲ್ಲು, ಇರುವೆ. ಹ್ಯಾಮಕ್‌ಗೆ ಇದ್ಯಾವುದರ ಗೊಡವೆಯೂ ಇಲ್ಲ.

ಆದರೆ ಬೆನ್ನಿನ ಕೆಳಗೆ ಒಂದು ಪದರ ತೆಳು ನೈಲಾನ್, ಅದರ ಕೆಳಗೆ ರಾತ್ರಿಯಿಡೀ ಓಡಾಡುವ ಗಾಳಿ. ದಪ್ಪ ಸ್ಲೀಪಿಂಗ್ ಬ್ಯಾಗಿನೊಳಗೆ ಹೊಕ್ಕರೂ ಕೆಲಸ ಆಗುವುದಿಲ್ಲ. ಅದರೊಳಗೆ ತುಂಬಿರುವ ಮೆತ್ತನೆಯದಕ್ಕೆ ಡೌನ್ ಅನ್ನುತ್ತಾರೆ. ಅದು ನಮ್ಮನ್ನು ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟು. ನಾವು ಅದರ ಮೇಲೆ ಬಿದ್ದುಕೊಂಡರೆ ಆ ಗಾಳಿ ಹೊರಗೆ, ಚಳಿ ಒಳಗೆ. ಅದಕ್ಕೇ ಅಂಡರ್‌ಕ್ವಿಲ್ಟ್ ಅಂತ ಒಂದು ಮಾಡಿದ್ದಾರೆ. ಹ್ಯಾಮಕ್‌ನ ಹೊರಗಡೆ, ಕೆಳಮೈಗೆ ತಾಗಿ, ಎಲಾಸ್ಟಿಕ್ ದಾರದಲ್ಲಿ ತೂಗಾಡುವ ರಜಾಯಿ. ಮೈಭಾರ ಅದರ ಮೇಲೆ ಬೀಳುವುದೇ ಇಲ್ಲ, ಹಾಗಾಗಿ ಉಬ್ಬಿಕೊಂಡೇ ಇರುತ್ತದೆ. ಮೇಲೆ ಹೊದೆಯಲು ಇನ್ನೊಂದು. ಅದಕ್ಕೆ ಬೆನ್ನೇ ಇಲ್ಲ, ಕಾಲ ಬಳಿ ಮಾತ್ರ ಒಂದು ಚೀಲ. ಬೆನ್ನಡಿ ಹೇಗೂ ಒತ್ತಿ ಸತ್ತು ಹೋಗುವ ಡೌನ್‌ನ ಭಾರ ಸುಮ್ನೆ ಯಾಕೆ ಹೊರಬೇಕು ಅಂತ.

ಭಾರದ ಮಾತು ಬಂತಲ್ಲ, ಈ ಹುಚ್ಚಿನ ನಿಜವಾದ ರೋಗ ಅದೇ. ಅಮೆರಿಕದಲ್ಲಿ ಅಪಲಾಚಿಯನ್ ಟ್ರೇಲ್ ಅಂತ ಸುಮಾರು 3,500 ಕಿಲೋಮೀಟರಿನ ಕಾಲುದಾರಿ ಇದೆ, ಬಹುಪಾಲು ಕಾಡಿನೊಳಗೆ. ಅಲ್ಲಿ ತಿಂಗಳುಗಟ್ಟಲೆ ನಡೆಯುವವರು ಗ್ರಾಂ ಲೆಕ್ಕ ಹಾಕುತ್ತಾರೆ. ಅದನ್ನು ಓದಿ ನಾವೂ ಶುರು ಮಾಡಿದೆವು. ನಮ್ಮಲ್ಲೊಬ್ಬ ಹಲ್ಲುಜ್ಜುವ ಬ್ರಷ್‌ನ ಹಿಡಿಕೆ ಕೊಯ್ದು ಬಿಸಾಡಿದ. ಅದೇ ಮಹಾಶಯ ದಾರಿಯಲ್ಲಿ ಬೇಕಾಗುತ್ತದೆ ಅಂತ ಒಂದೂವರೆ ಕಿಲೋ ಕುಂದಾ ಕಟ್ಟಿಸಿಕೊಂಡಿದ್ದಾನೆ.

ದೊಡ್ಡಪ್ಪನಿಗೆ ಇದೆಲ್ಲ ದೊಡ್ಡ ತಮಾಷೆ. ಅವರು ಯುಗಾದಿ ಮುಂದೆ ಶ್ರೀಶೈಲಕ್ಕೆ ನಡೆದು ಹೋಗುವವರು. ಹೆಗಲ ಮೇಲೊಂದು ಕಂಬಳಿ, ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮುಗೀತು. "ಮಲ್ಲಯ್ಯನ ಕಡೆ ಹೊಂಟವರು ಗ್ರಾಂ ಎಣಸ್ತಾರೇನೋ ತಮ್ಮಾ?" ಅಂದರು. ಯುಗಾದಿ ಹೊತ್ತಿಗೆ ಆ ಬಯಲುಸೀಮೆಯಲ್ಲಿ ಕಾಡುವುದು ಬಿಸಿಲೇ ಹೊರತು ಚಳಿಯಲ್ಲ ಅಂತ ಹೇಳಬೇಕೆನಿಸಿತು. ದೊಡ್ಡಪ್ಪನ ಎದುರು ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಅವ್ವ ತನ್ನ ಕೌದಿ ತಂದಳು. ಹಳೇ ಇಳಕಲ್ ಸೀರೆಗಳನ್ನು ಪದರ ಪದರ ಸೇರಿಸಿ, ಒತ್ತೊತ್ತಾಗಿ ದಾರ ಓಡಿಸಿದ ಕೌದಿ. ನ್ಯಾಯವಾಗಿ ಹೇಳಬೇಕೆಂದರೆ ಅವ್ವನದು ತಪ್ಪಲ್ಲ. ಕೌದಿ ಮೊದಲೇ ಗಟ್ಟಿ, ಮೈಭಾರಕ್ಕೆ ಡೌನ್‌ನಷ್ಟು ಚಪ್ಪಟೆ ಆಗುವುದಿಲ್ಲ. ಹ್ಯಾಮಕ್ ಒಳಗೆ ಹಾಸಿಕೊಂಡರೆ ಬೆನ್ನು ಬೆಚ್ಚಗೇ ಇರುತ್ತದೆ. ಆದರೆ ತಕ್ಕಡಿಗೆ ಹಾಕಿದಾಗ ಮುಳ್ಳು ಮೂರು ಕಿಲೋ ದಾಟಿತು. ನಾನು ನೋಡುತ್ತಿದ್ದ ಅಂಡರ್‌ಕ್ವಿಲ್ಟ್ ಅರ್ಧ ಕಿಲೋಗೂ ಕಡಿಮೆ.

"ಅಷ್ಟ ಹಗರ ಅಂದ್ರ ಒಳಗ ಏನ್ ತುಂಬ್ಯಾರ?"

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಡೌನ್ ಅಂದರೆ ಬಾತುಕೋಳಿಯ ಎದೆಯ ಮೇಲೆ, ಪುಕ್ಕದ ಅಡಿಯಲ್ಲಿ ಬೆಳೆಯುವ ಮೆತ್ತನೆ ತುಪ್ಪಳ. ನಾನು ತಾಂತ್ರಿಕವಾಗಿ ತಪ್ಪಿಸಿಕೊಳ್ಳಲು ನೋಡಿದೆ. ಫಿಲ್ ಪವರ್ 800 ಅಂದೆ. ಅಂದರೆ ಒಂದು ಔನ್ಸ್, ಅಂದಾಜು 28 ಗ್ರಾಂ ಡೌನ್, 800 ಘನ ಇಂಚು ಜಾಗಕ್ಕೆ ಉಬ್ಬುತ್ತದೆ. 13 ಲೀಟರ್ ಆಯಿತು. ಒಂದು ಮುಷ್ಟಿ ಡೌನ್ ಹಾಕಿದರೆ ನೀರಿನ ಕೊಡ ತುಂಬಿದ ಹಾಗೆ ಅಂತ ವಿವರಿಸಿದೆ. ಈ ಅಂಕಿ ಜಾಸ್ತಿ ಆದಷ್ಟೂ ಅಷ್ಟೇ ಬೆಚ್ಚಗಿರಲು ಕಡಿಮೆ ತೂಕ, ಜಾಸ್ತಿ ದುಡ್ಡು.

"ಕೊಡ ಇರಲಿ. ಯಾವುದರ ತುಪ್ಪಳ ಅದು?"

"ಬಾತುಕೋಳಿದು."

"ಶಿವನ!" ಅಂದಳು. ಹಿಂಸೆ ಕೊಟ್ಟು ಕಿತ್ತಿದ್ದಲ್ಲ, ಅದಕ್ಕೆ ಪ್ರಮಾಣಪತ್ರ ಇರುತ್ತದೆ ಅಂದೆ. "ಹಂಗಾದ್ರ ಉಳದ ಬಾತುಕೋಳಿ ಏನ್ ಮಾಡಿದ್ರು?" ಅಂತ ಕೇಳಿದಳು. ಡೌನ್ ಬರುವುದು ಬಹುತೇಕ ಮಾಂಸದ ಉದ್ಯಮದಿಂದ. ಉತ್ತರ ಇತ್ತು, ಹೇಳುವ ಹಾಗಿರಲಿಲ್ಲ.

ಸಿಂಥೆಟಿಕ್ ತುಂಬಿದ್ದೂ ಸಿಗುತ್ತದೆ. ಒದ್ದೆಯಾದರೂ ಅಷ್ಟಿಷ್ಟು ಬೆಚ್ಚಗಿಡುತ್ತದೆ. ಡೌನ್ ಒದ್ದೆಯಾದರೆ ಮುದ್ದೆ. ಮಳೆಗಾಲದಲ್ಲಿ ಕಣಕುಂಬಿ ಕಡೆ ಹೋಗುವುದಿದ್ದರೆ ನಾನೂ ಸಿಂಥೆಟಿಕ್ಕೇ ತರುತ್ತಿದ್ದೆ. ಆದರೆ ತೂಕ ಜಾಸ್ತಿ, ಮಡಚಿದರೂ ಚೀಲದ ಅರ್ಧ ಅದೇ ನುಂಗುತ್ತದೆ. ನಾವು ಹೊರಟಿದ್ದು ಒಣ ಚಳಿಗಾಲಕ್ಕೆ. ಕೊನೆಗೆ ಡೌನೇ ಬಂತು.

ಎಷ್ಟು ಡಿಗ್ರಿ ಚಳಿ ತಡೆಯುವಂಥದು ಬೇಕು ಅನ್ನುವುದು ಇನ್ನೊಂದು ಗಲಾಟೆ. ಅಮೆರಿಕದವರು ಫ್ಯಾರನ್‌ಹೀಟ್‌ನಲ್ಲಿ ಬರೆಯುತ್ತಾರೆ. '20 ಡಿಗ್ರಿ' ಅಂತ ಓದಿದ ಅಪ್ಪ, "ಇಪ್ಪತ್ತಕ್ಕ ನಾವು ಫ್ಯಾನ್ ಹಚ್ಚತೀವಿ" ಅಂದರು. ಅದು ನಮ್ಮ ಲೆಕ್ಕದಲ್ಲಿ ಮೈನಸ್ 7. ಘಟ್ಟದ ಮೇಲೆ ಅದನ್ನು ಕಟ್ಟಿಕೊಂಡರೆ ಬೆವರಿನಲ್ಲೇ ನಿದ್ದೆ. ಈ ಕಡೆ ಡಿಸೆಂಬರ್ ರಾತ್ರಿ 12–13ಕ್ಕೆ ಇಳಿಯುವುದೇನೂ ಹೊಸದಲ್ಲ, ಒಮ್ಮೊಮ್ಮೆ ಇನ್ನೂ ಕೆಳಗೆ. ಚೀಟಿಯ ಮೇಲಿನ ಅಂಕಿ ಸುಖನಿದ್ದೆಯದಲ್ಲ, ತಡೆದುಕೊಳ್ಳಬಹುದಾದ ಕೊನೆಯ ಮಿತಿ ಅಂತ ತಿಳಿದು ಐದಾರು ಡಿಗ್ರಿ ಬಿಟ್ಟುಕೊಳ್ಳಬೇಕು. ಹಾಗೆ ನೋಡಿದರೆ 40 ಫ್ಯಾರನ್‌ಹೀಟ್, ಅಂದರೆ ಸುಮಾರು 4 ಸೆಲ್ಸಿಯಸ್‌ನದು ನಮಗೆ ಬೇಕಾದಷ್ಟಾಯಿತು. ಭುಜದಿಂದ ಮೊಣಕಾಲಿನವರೆಗೆ ಮಾತ್ರ ಬರುವ ಮುಕ್ಕಾಲು ಉದ್ದದ್ದು ಇನ್ನೂ ಹಗುರ, ಕಾಲ ಕೆಳಗೆ ಫೋಮ್ ತುಂಡು ಇಟ್ಟುಕೊಂಡರೆ ಸಾಕು. ನಮ್ಮ ಗಿಡ್ಡ ಗೆಳೆಯನಿಗೆ ಆ ಮುಕ್ಕಾಲೇ ಪೂರ್ತಿಯಾಯಿತು. ಹುಟ್ಟಿದಾಗಿನಿಂದ ಅವನಿಗೆ ಎತ್ತರದಿಂದ ಆದ ಮೊದಲ ಲಾಭ ಅದು.

ಕಟ್ಟಿ ನೋಡಲು ಪಡಸಾಲೆಯ ತೊಲೆಯಲ್ಲಿರುವ ತೊಟ್ಟಿಲ ಕೊಂಡಿ ಅನುಕೂಲವಾಯಿತು. ಇನ್ನೊಂದು ತುದಿ ಕಿಟಕಿಯ ಸರಳಿಗೆ. ಅಂಡರ್‌ಕ್ವಿಲ್ಟ್ ಸಡಿಲವಾದರೆ ಸಂದಿನಲ್ಲಿ ಗಾಳಿ ನುಗ್ಗುತ್ತದೆ, ಬಿಗಿಯಾದರೆ ಡೌನ್ ಒತ್ತಿ ಹೋಗುತ್ತದೆ. ಮಲಗಿದವರಿಗೆ ಇದು ಕಾಣುವುದಿಲ್ಲ. ಹಾಗಾಗಿ ನಾನು ಮೇಲೆ, ನನ್ನ ಹೆಂಡತಿ ಕೆಳಗೆ ಮೊಣಕಾಲೂರಿ ದಾರ ಎಳೆಯುವುದು. "ಈಗ ಗಾಳಿ ಬರ್ತದೇನ್ರಿ?" "ಬಲಕ್ಕ ಬರ್ತದ." "ಈಗ?" "ಎಡಕ್ಕ." ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು ನಿಂತು, "ಇದನ್ನ ಮದುವಿ ಮೊದಲ ಹೇಳಬೇಕಾಗಿತ್ತು ನೀವು" ಅಂದಳು.

ಮಧ್ಯಾಹ್ನ ಎಲ್ಲರೂ ಆ ಕಡೆ ಹೋದಾಗ ನಮ್ಮ ಬೆಕ್ಕು ಬಂದು ಒಳಹೊಕ್ಕಿತು. ಇಂಥ ಜಾಗ ಅದಕ್ಕೆ ಮತ್ತೆಲ್ಲಿ ಸಿಗಬೇಕು? ಇಳಿಯುವಾಗ ಉಗುರು ತಾಗಿತು. ಬಟ್ಟೆಯೋ 10 ಡೆನಿಯರ್, ಅಷ್ಟು ತೆಳು. ಸಾಸಿವೆ ಗಾತ್ರದ ತೂತು. ಡೌನ್‌ಗೆ ಅಷ್ಟು ಸಾಕು. ಒಂದೊಂದೇ ಹೊರಗೆ ಬಂದು, ಫ್ಯಾನಿನ ಗಾಳಿಗೆ ಎದ್ದು, ಯಾವ ಅವಸರವೂ ಇಲ್ಲದೆ ಅಡುಗೆಮನೆ ಕಡೆ ಹೊರಟಿತು. ಅಲ್ಲಿ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಒಂದು ಹೋಗಿ ಹಂಚಿನ ಮೇಲಿನ ರೊಟ್ಟಿಗೆ ಅಂಟಿಕೊಂಡಿತು. ಇನ್ನೊಂದು ಅವ್ವನ ಹಿಟ್ಟಿನ ಕೈಗೆ.

ಆಮೇಲಿನ ಮಾತುಗಳನ್ನು ಬರೆಯುವುದಿಲ್ಲ. ರೊಟ್ಟಿ ಬುಟ್ಟಿ ಪೂರಾ ಹಿಂದಿನ ಮನೆಯ ಎಮ್ಮೆಗೆ ಹೋಯಿತು. ಮನೆಯೆಲ್ಲ ತೊಳೆದಾಯಿತು. ನಾನು ತೂತಿಗೆ ನೈಲಾನ್ ಟೇಪಿನ ತುಂಡು ಅಂಟಿಸಿದೆ. ಹೊಲಿಯಲು ಹೋದರೆ ಸೂಜಿಯ ತೂತಿನಿಂದಲೂ ಡೌನ್ ಬರುತ್ತದೆ. ಅವ್ವ ಬಂದು ಸ್ವಲ್ಪ ಹೊತ್ತು ನಿಂತು ನೋಡಿದಳು. ದೇವರ ಕೋಣೆಗೆ ಹೋಗಿ ಇಬತ್ತಿ ತಂದು, ಆ ಕಪ್ಪು ನೈಲಾನಿನ ಮೇಲೆ ಮೂರು ಬೆರಳು ಎಳೆದಳು. "ಇನ್ನ ಇರಲಿ ಮನ್ಯಾಗ" ಅಂದಳು.

ಇರಲಿ, ಆದರೆ ಎಲ್ಲಿ? ಡೌನ್ ಅನ್ನು ಸಣ್ಣ ಚೀಲಕ್ಕೆ ತುರುಕಿ ತಿಂಗಳುಗಟ್ಟಲೆ ಇಟ್ಟರೆ ಉಬ್ಬುವ ಗುಣವೇ ಹೋಗುತ್ತದೆ. ಟ್ರಂಕಿನಲ್ಲಿ ಇಡುವ ಹಾಗಿಲ್ಲ. ಸಡಿಲವಾಗಿ, ಗಾಳಿಯಾಡುವ ಹತ್ತಿ ಬಟ್ಟೆಯಲ್ಲಿ ಇರಬೇಕು. ಅಜ್ಜನ ಹಳೇ ಧೋತರದಲ್ಲಿ ಸುತ್ತಿ, ಬೆಕ್ಕಿಗೆ ಎಟುಕದ ಹಾಗೆ ಅದೇ ತೊಟ್ಟಿಲ ಕೊಂಡಿಗೆ ತೂಗುಬಿಟ್ಟೆವು. ಚೆನ್ನಾಗಿ ಉಬ್ಬಿಕೊಂಡು ಗುಂಡಗೆ ತೂಗಾಡುತ್ತಿತ್ತು.

ಹೋದ ಶುಕ್ರವಾರ ಎದುರುಮನೆ ಕಾಕೂ ಅರಿಷಿಣ ಕುಂಕುಮಕ್ಕೆ ಬಂದರು. ಕೊಂಡಿ ಕಡೆ ನೋಡಿದರು. ನನ್ನ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದರು. ಮತ್ತೆ ಕೊಂಡಿ ನೋಡಿದರು.

"ಹೇಳೇ ಇಲ್ಲಲ್ರೀ ನಮಗ! ಯಾವಾಗ ಆತು? ಗಂಡೋ ಹೆಣ್ಣೋ?" ಅಂತ ತೂಗಲು ಕೈ ಚಾಚಿದರು.

ಅವ್ವ ಕುಂಕುಮದ ಬಟ್ಟಲಿನಿಂದ ತಲೆ ಎತ್ತಲೂ ಇಲ್ಲ.

"ಕೂಸಲ್ರೀ, ಬಾತುಕೋಳಿ."