ಮೀನಿಗೆ ಮೀಟರ್, ನೀರಿಗೆ ಅರ್ಜಿ

ಕೊಪ್ಪಳಕ್ಕೆ ಸಮುದ್ರ ಇಲ್ಲ. ಆದರೆ ಸಮುದ್ರದ ಚಿಂತೆ ಮಾಡುವುದರಲ್ಲಿ ನಮ್ಮನ್ನು ಮೀರಿಸುವವರು ಮಂಗಳೂರಲ್ಲೂ ಸಿಗಲಿಕ್ಕಿಲ್ಲ. ಫುಕುಶಿಮಾ ಅಣುಸ್ಥಾವರದ ನೀರನ್ನು ಸಂಸ್ಕರಿಸಿ ಶಾಂತಸಾಗರಕ್ಕೆ ಬಿಡಲು ಜಪಾನಿನವರು 2023ರ ಆಗಸ್ಟ್‌ನಲ್ಲಿ ಶುರು ಮಾಡಿದ್ದೇ ತಡ, ನಮ್ಮ ವಾಟ್ಸಾಪ್ ಪಂಡಿತರಿಗೆ ನಿದ್ದೆ ಹತ್ತಲಿಲ್ಲ. 'ಬಂಗಡೆ ತಿನ್ನಬ್ಯಾಡ್ರಿ, ವಿಕಿರಣ ಐತಿ!' ನಮ್ಮ ಬಂಗಡೆ ಬರುವುದು ಅರಬ್ಬಿ ಸಮುದ್ರದಿಂದ. ಇರಲಿ, ಭೂಗೋಳ ಎಸ್ಸೆಸ್ಸೆಲ್ಸಿಗೇ ಮುಗಿದ ವಿಷಯ.

ನಿವೃತ್ತ ಸಾಹೇಬರೊಬ್ಬರು ಆನ್‌ಲೈನಿನಲ್ಲಿ ವಿಕಿರಣ ಅಳೆಯುವ ಗೈಗರ್ ಮೀಟರನ್ನೇ ತರಿಸಿ, ಮೀನಿನಂಗಡಿಗೆ ಹೋಗಿ ಬಂಗಡೆಯ ಮೇಲೆ ಹಿಡಿದರು. ಟಕ್... ಟಕ್ ಟಕ್. ಜನ ಸೇರಿತು.

"ಕೇಳಿಸ್ತೇನು?"

ಅಂಗಡಿಯಾಕೆ ಮೀನೆತ್ತಿ ಬುಟ್ಟಿಗೆ ಹಾಕಿದಳು. "ಈಗ ಹಿಡೀರಿ ಸಾಹೇಬ್ರ."

ಬರೀ ಗ್ರಾನೈಟ್ ಹಾಸು. ಟಕ್‌ಟಕ್ ನಿಲ್ಲಲಿಲ್ಲ, ತುಸು ಜೋರೇ ಆಯಿತು. ಗ್ರಾನೈಟಿನಲ್ಲಿ ವಿಕಿರಣ ಸೂಸುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಹುಟ್ಟಿನಿಂದಲೇ ಇರುತ್ತವೆ. ಸಾಹೇಬರ ಮನೆಯ ಅಡುಗೆ ಕಟ್ಟೆಯೂ ಅದೇ ಕಲ್ಲಿನದು.

ಹಾಗಂತ ಭಯಕ್ಕೆ ಬುಡವೇ ಇಲ್ಲವೆಂದಲ್ಲ. 2023ರ ಮೇನಲ್ಲಿ ಆ ಸ್ಥಾವರದ ಬಂದರಿನೊಳಗೇ ಸಿಕ್ಕ ಒಂದು ಮೀನಿನಲ್ಲಿ ಕಿಲೋಗೆ 18,000 ಬೆಕೆರೆಲ್ (ವಿಕಿರಣದ ಅಳತೆ) ವಿಕಿರಣಶೀಲ ಸೀಸಿಯಂ ಇತ್ತು. ಜಪಾನಿನ ಮಿತಿ 100. ಆ 100ನ್ನು ಹಿಡಿಯಲು ಮೀನನ್ನು ಅರೆದು, ಡಬ್ಬಿಗೆ ತುಂಬಿ, ದಪ್ಪ ಸೀಸದ ಗೋಡೆಯೊಳಗೆ ಜರ್ಮೇನಿಯಂ ಡಿಟೆಕ್ಟರಿನ ಮುಂದೆ ಬಹಳ ಹೊತ್ತು ಇಡಬೇಕು. ಸಂತೆಯಲ್ಲಿ ಮೀಟರ್ ಆಡಿಸಿದರೆ ಅದು ಸಿಕ್ಕುವುದಿಲ್ಲ. ದೊಡ್ಡವರೊಬ್ಬರ ಇಡೀ ಮೈಯಲ್ಲೇ ಸುಮಾರು 4,000 ಬೆಕೆರೆಲ್‌ನಷ್ಟು ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ಪೊಟ್ಯಾಸಿಯಂ ಇರುತ್ತದೆ. ಆದರೂ ಸಾಹೇಬರನ್ನು ಮಾತ್ರ ಇನ್ನೂ ಯಾರೂ ನಿಷೇಧಿಸಿಲ್ಲ.

ಅಷ್ಟರಲ್ಲಿ ಗಂಟಲು ಒಣಗಿ ಸಾಹೇಬರು ನೀರು ಕೇಳಿದರು. ಆಕೆ ಕೊಡದಿಂದ ಒಂದು ಚಂಬು ಕೊಟ್ಟಳು. ಬೋರಿನ ನೀರು. ಗಟಗಟ ಕುಡಿದರು. ನಿಯಮದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನಮ್ಮ ಜಿಲ್ಲೆಯ ಎಷ್ಟೋ ಬೋರುಗಳು ಆ ಗೆರೆ ದಾಟಿ ಯಾವುದೋ ಕಾಲವಾಯಿತು. ಲೆಕ್ಕ ನೋಡಲು ಮೀಟರ್ ಬೇಡ, ಶಾಲೆಯ ಹುಡುಗರನ್ನು ನಗಿಸಿದರೆ ಸಾಕು, ಕಂದು ಕಲೆಯ ಹಲ್ಲು ಕಾಣುತ್ತದೆ.

"ಸಾಹೇಬ್ರ, ಈ ಮಷಿನ್ನು ನಮ್ಮೂರ ನೀರಿಗೆ ನಡೀತೈತೇನ್ರಿ?"

"ಇಲ್ಲವಾ. ಅದಕ್ಕ ಲ್ಯಾಬಿಗೆ ಕಳಸಬೇಕು. ಅರ್ಜಿ ಕೊಡಬೇಕು."

"ಕೊಟ್ಟೀವ್ರಿ. ಶುದ್ಧ ನೀರಿನ ಘಟಕಾನೂ ಕಟ್ಯಾರ. ಕೀಲಿ ಹಾಕ್ಯಾರ."

"ಹಂಗಾರ ಇನ್ನೊಂದು ಅರ್ಜಿ ಕೊಡ್ರಿ," ಎಂದು ಸಾಹೇಬರು ಮೀಟರನ್ನು ಜೇಬಿಗಿಟ್ಟು ಬಂಗಡೆಯ ಕಿವಿರು ಎತ್ತಿ ನೋಡಿದರು. ಕೆಂಪಗಿತ್ತು, ತಾಜಾ.

"ಒಂದ್ ಕಿಲೋ ಹಾಕು. ರೇಟಿನ್ಯಾಗ ಮಾತ್ರ ಕಡಿಮಿ ಮಾಡಬೇಕು ನೋಡವಾ. ವಿಕಿರಣದ ಮೀನಿಗೆ ಪೂರಾ ರೊಕ್ಕ ಯಾರ್ ಕೊಡತಾರ?"