ಹುದ್ದೆಗೊಂದು ಕುರ್ಚಿ, ಬೆನ್ನಿಗೆ?

ನಮ್ಮ ಆಫೀಸುಗಳಲ್ಲಿ ಕುರ್ಚಿ ಕೊಡೋದು ಹುದ್ದೆ ನೋಡಿ, ಮೈ ಅಳತೆ ನೋಡಿ ಅಲ್ಲ. ಸಾಹೇಬರಿಗೆ ತಲೆ ಮುಟ್ಟೋ ಹೈ ಬ್ಯಾಕ್ ಕುರ್ಚಿ, ಅದರ ಮೇಲೊಂದು ಬಿಳಿ ಟವೆಲ್ಲು. ಗುಮಾಸ್ತರಿಗೆ ಗಿಡ್ಡ ಬೆನ್ನಿನದು. ಡೇಟಾ ಎಂಟ್ರಿ ಹುಡುಗಿಗೆ ಯಾರೋ ಬಿಟ್ಟುಹೋದ, ಒಂದು ಕೈ ಮುರಿದದ್ದು. ತಮಾಷೆ ಏನಂದ್ರೆ, ಮೀಟಿಂಗು ಅಂತ ಅರ್ಧ ದಿನ ಹೊರಗಿರೋರು ಸಾಹೇಬರು. ಸಂಜೆ ತನಕ ಕೂತಲ್ಲೇ ಕೂರೋಳು ಆ ಹುಡುಗಿ.

ಕೂರೋದೇ ದೊಡ್ಡವರ ಸವಲತ್ತು ಅನ್ನೋ ಬುದ್ಧಿ ಇದು. ಅಂಗಡಿ ಕೆಲಸಗಾರರಿಗೆ ಕೂರೋಕೆ ಜಾಗ ಕೊಡಿ ಅಂತ ಹೇಳೋಕೆ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಬೇಕಾಯ್ತು!

ಐದಡಿ ಎತ್ತರದ ಹೆಂಗಸರು ಆಫೀಸಲ್ಲಿ ಹೇಗೆ ಕೂರ್ತಾರೆ ಅಂತ ಒಮ್ಮೆ ನೋಡಿ. ಹಿಂದಕ್ಕೆ ಸರಿದು ಒರಗಿದರೆ ಸೀಟಿನ ಅಂಚು ಮಂಡಿ ಹಿಂದೆ ಒತ್ತುತ್ತೆ, ಪಾದ ನೆಲ ಮುಟ್ಟಲ್ಲ. ಹಾಗಾಗಿ ತುದಿಯಲ್ಲೇ ಕೂರ್ತಾರೆ. ಬೆನ್ನಿಗೆ ಆಸರೆಯೇ ಇಲ್ಲ; ಸಂಜೆ ಹೊತ್ತಿಗೆ ಸೊಂಟ ಹಿಡ್ಕೊಂಡಿರುತ್ತೆ. ಮೇಜಿನ ಕೆಳಗೆ ಬಗ್ಗಿ ನೋಡಿದರೆ ಕಾಲಿಡೋಕೆ ಅಂತ ಎ4 ಪೇಪರಿನ ರಟ್ಟಿನ ಡಬ್ಬ, ನಡುವೆ ತುಳಿದು ತುಳಿದು ಗುಂಡಿ ಬಿದ್ದಿರುತ್ತೆ. "ನೆಟ್ಟಗೆ ಕೂತ್ಕೊಳಮ್ಮ" ಅಂತ ಬುದ್ಧಿ ಹೇಳೋರಿಗೆ ಆ ಡಬ್ಬ ಕಾಣೋದೇ ಇಲ್ಲ.

1994ರಲ್ಲಿ ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿ ಏರಾನ್ ಅನ್ನೋ ದುಬಾರಿ ಆಫೀಸ್ ಕುರ್ಚಿ ತಂದಾಗ ಎ, ಬಿ, ಸಿ ಅಂತ ಮೂರು ಸೈಜಲ್ಲಿ ತಂತು. ಚಪ್ಪಲಿಗೆ ಸೈಜ್ ಕೇಳೋ ನಾವು ಕುರ್ಚಿಗೆ ಯಾಕೆ ಕೇಳಲ್ಲ? ಅಷ್ಟು ದುಬಾರಿದೇ ಬೇಕು ಅಂತಿಲ್ಲ.

ಅಂಗಡೀಲಿ ಸಂಕೋಚ ಬಿಟ್ಟು ಹತ್ತು ನಿಮಿಷ ಕೂತು ನೋಡಿ. ಪೂರ್ತಿ ಒರಗಿದಾಗ ಮಂಡಿಗೂ ಸೀಟಿಗೂ ನಡುವೆ ಎರಡು ಮೂರು ಬೆರಳು ತೂರಬೇಕು, ಪಾದ ನೆಲಕ್ಕೆ ಊರಬೇಕು, ಸೊಂಟ ಒಳಬಾಗೋ ಜಾಗಕ್ಕೆ ಆಸರೆ ತಾಗಬೇಕು. ಕುರ್ಚಿಯ ಕೈಗಳು ಮೇಜಿಗೆ ತಗಲಿ ಅದು ಮೇಜಿನ ಕೆಳಗೆ ಹೋಗದಿದ್ದರೆ ಬೇಡವೇ ಬೇಡ. ಮೆತ್ತಗಿದೆ ಅಂತ ಮರುಳಾಗಬೇಡಿ, ಅಗ್ಗದ ಫೋಮು ಬೇಗ ಕುಸಿಯುತ್ತೆ. ದಪ್ಪ ರೆಕ್ಸಿನ್ನಿನ "ಬಾಸ್ ಚೇರ್" ಅಂತೂ ರಾಯಚೂರಿನ ಬೇಸಿಗೆಯಲ್ಲಿ ಶಿಕ್ಷೆ. ಹಳೇ ಬೆತ್ತದ ಕುರ್ಚೀಲಿ ಗಾಳಿಯಾದ್ರೂ ಆಡ್ತಿತ್ತು.

ಇನ್ನು ಎಂಥ ಒಳ್ಳೇ ಕುರ್ಚಿಯಾದರೂ ಆಗಾಗ ಎದ್ದು ಓಡಾಡಲೇಬೇಕು, ಅದು ಬೇರೆ ಮಾತು.

ಕುರ್ಚಿ ಖರೀದಿ ಫೈಲಿಗೆ ಸಹಿ ಹಾಕೋ ಸಾಹೇಬರಲ್ಲಿ ನನ್ನದೊಂದೇ ಕೋರಿಕೆ: ಒಂದು ವಾರ ಆ ಹುಡುಗಿ ಕುರ್ಚೀಲಿ ಕೂತು ಕೆಲಸ ಮಾಡಿ ಸಾರ್. ಆಮೇಲೆ ಟೆಂಡರ್ ಕರೀರಿ.